ಭಾನುವಾರದ ಕೆತ್ತನೆಗೆ: ಶ್ರೀಚಕ್ರ ಹಾಕುವ ಕ್ರಮ

ಎಲ್ಲರಿಗೂ ನಮಸ್ಕಾರ. ಭಾನುವಾರ ದಾವಣಗೆರೆಯಲ್ಲಿ ಕೆತ್ತನೆಗೆ ಕೂರುವವರು ಒಂದಡಿ ಚೌಕದ, ಎರಡಿಂಚು ದಪ್ಪದ ಬಳಪದ ಕಲ್ಲು ತನ್ನಿ. ಮುಖ ಸಪಾಟಾಗಿರಲಿ, ಉಕ್ಕಿನ ಪಟ್ಟಿಯನ್ನು ಅಡ್ಡ ಇಟ್ಟು ಕೆಳಗೆ ಬೆಳಕು ತೂರುತ್ತದಾ ನೋಡಿಕೊಳ್ಳಿ.

ವೃತ್ತದ ವ್ಯಾಸ 24 ಸೆಂ.ಮೀ. ಇಟ್ಟುಕೊಂಡರೆ ಲೆಕ್ಕ ಸಲೀಸು. ನಡುಗೆರೆಯನ್ನು 48 ಭಾಗ ಮಾಡಿದರೆ ಒಂದು ಭಾಗಕ್ಕೆ 5 ಮಿ.ಮೀ. ಮೇಲಿನಿಂದ 6, 6, 5, 3, 3, 4, 3, 6, 6, 6 ಭಾಗ ಬಿಡುತ್ತಾ ಒಂಬತ್ತು ಅಡ್ಡಗೆರೆ ಎಳೆಯಿರಿ. ಇವೇ ಒಂಬತ್ತು ತ್ರಿಕೋನಗಳ ಬುಡ: ನಾಲ್ಕು ಮೇಲ್ಮುಖ, ಐದು ಕೆಳಮುಖ. ಸರಿಯಾಗಿ ಕೂತರೆ ಒಳಗೆ 43 ಸಣ್ಣ ತ್ರಿಕೋನ ಎಣಿಸಬಹುದು.

ಕೆಡುವುದು ಮೂರು ಗೆರೆ ಕೂಡುವ ಮರ್ಮಸ್ಥಾನಗಳಲ್ಲಿ. ದಪ್ಪ ಪೆನ್ಸಿಲ್ ಹಿಡಿದರೆ ಅಲ್ಲೊಂದು ಪುಟ್ಟ ತ್ರಿಕೋನ ಉಳಿದುಬಿಡುತ್ತದೆ, ಅದನ್ನು ಉಳಿಯಿಂದ ತಿದ್ದಲಾಗದು. ಗೆರೆಯನ್ನು ಉಕ್ಕಿನ ಮೊನೆಯಿಂದಲೇ ಗೀರಿ. ಕಾಗದದ ಮೇಲೆ ಒಮ್ಮೆ ಪೂರ್ತಿ ಹಾಕಿ ನೋಡದೆ ಕಲ್ಲು ಮುಟ್ಟಲೇಬೇಡಿ.

ಉಳಿಯನ್ನು ತ್ರಿಕೋನದ ತುದಿಯ ಕಡೆಗೆ ಓಡಿಸಬೇಡಿ, ತುದಿ ಸಿಡಿಯುತ್ತದೆ. ತುದಿಯಿಂದ ಒಳಕ್ಕೆ ಬನ್ನಿ. ಆಳ 2 ಮಿ.ಮೀ. ಸಾಕು. ಕಲ್ಲು ಒದ್ದೆಯಾಗಿರಲಿ, ಮೂಗಿಗೆ ಮಾಸ್ಕ್ ಕಡ್ಡಾಯ.

ವೃತ್ತದ ಹೊರಗೆ ಎರಡು ಸುತ್ತಾಗಿ ಬರುವ 8 ಮತ್ತು 16 ಕಮಲದಳಕ್ಕೆ ಕೈ ಹಾಕುವ ಮುನ್ನ ಹರಿಹರಕ್ಕೆ ಹೋಗಿ, 1224ರ ಹರಿಹರೇಶ್ವರ ಗುಡಿಯ ಮಂಟಪದ ಚಾವಣಿಯಲ್ಲಿರುವ ಕಮಲಗಳನ್ನು ನಿಧಾನವಾಗಿ ನೋಡಿ ಬನ್ನಿ.