ಲೂವ್ರ್ ನೋಡುವವರು ಮೊದಲು ವಾರ, ಗಂಟೆ ಗೊತ್ತುಮಾಡಿಕೊಳ್ಳಲಿ

ಮಾನ್ಯ ಸಂಪಾದಕರೇ,

ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ ಪತ್ರಿಕೆಗಳ ತುಂಬ ಯುರೋಪ್ ಪ್ರವಾಸದ ಜಾಹೀರಾತುಗಳು. ಪ್ಯಾರಿಸ್ ಎಂದ ಕೂಡಲೇ ಲೂವ್ರ್ ಸಂಗ್ರಹಾಲಯದ ಗಾಜಿನ ಪಿರಮಿಡ್ ಚಿತ್ರ ಇದ್ದೇ ಇರುತ್ತದೆ. ಆದರೆ ದಿನಚರಿಯ ಹಾಳೆಯನ್ನು ಗಮನವಿಟ್ಟು ಓದಿದರೆ ಎಷ್ಟೋ ಕಡೆ ‘ಹೊರಗಿನಿಂದ ವೀಕ್ಷಣೆ’ ಎಂದಷ್ಟೇ ಬರೆದಿರುತ್ತಾರೆ. ಎಂದರೆ ಬಸ್ಸಿನಿಂದಿಳಿದು ಪಿರಮಿಡ್ ಮುಂದೆ ಫೋಟೊ ತೆಗೆಸಿಕೊಂಡು ಹೊರಡುವುದು. ಲಕ್ಷಗಟ್ಟಲೆ ಹಣ ಕಟ್ಟುವವರಿಗೆ ಇದು ಅನ್ಯಾಯ. ಒಳಗೆ ಹೋಗಿ ನೋಡಲೇಬೇಕು ಎನ್ನುವವರು ಪ್ಯಾರಿಸ್‌ನ ಉಳಿದೆಲ್ಲ ಕಾರ್ಯಕ್ರಮಕ್ಕಿಂತ ಮೊದಲು ಲೂವ್ರ್‌ನ ವಾರ ಮತ್ತು ಗಂಟೆಯನ್ನು ಗೊತ್ತುಮಾಡಿಕೊಳ್ಳಬೇಕು.

ಮಂಗಳವಾರ ಲೂವ್ರ್‌ಗೆ ರಜೆ. ಮೇ 1ರಂದೂ ರಜೆ, ಅದು ಬರುವುದು ನಮ್ಮ ಶಾಲೆಗಳ ಬೇಸಿಗೆ ರಜೆಯ ನಟ್ಟನಡುವೆ. ಸೋಮ, ಗುರು, ಶನಿ, ಭಾನುವಾರ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ. ಬುಧವಾರ ಮತ್ತು ಶುಕ್ರವಾರ ಮಾತ್ರ ರಾತ್ರಿ 9ರವರೆಗೆ. ಮುಚ್ಚುವ ಅರ್ಧ ಗಂಟೆ ಮೊದಲೇ ಕೋಣೆಗಳಿಂದ ಜನರನ್ನು ಹೊರಗೆ ಕಳಿಸಲು ಶುರುಮಾಡುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನನ್ನನ್ನು ಕೇಳಿದರೆ ಬುಧವಾರ ಇಲ್ಲವೇ ಶುಕ್ರವಾರ ಮಧ್ಯಾಹ್ನ ನಾಲ್ಕರ ಪಾಳಿಯೇ (ಟಿಕೆಟ್‌ನಲ್ಲಿ ಒಳಹೋಗಲು ಗೊತ್ತುಮಾಡಿದ ಹೊತ್ತು) ವಾಸಿ. ಬೆಳಗಿನ ಗುಂಪುಗಳು ಆಗ ಹೊರಟಿರುತ್ತವೆ. ಮೇ ತಿಂಗಳಲ್ಲಿ ಅಲ್ಲಿ ಕತ್ತಲಾಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ, ಹಾಗಾಗಿ ವಾಪಸ್ ಹೋಗುವ ಚಿಂತೆಯೂ ಇಲ್ಲ.

ಟಿಕೆಟ್ ವಿಚಾರದಲ್ಲಿ ಮುಗ್ಗರಿಸುವವರೇ ಹೆಚ್ಚು. ದಿನಕ್ಕೆ 30,000 ಜನರಿಗೆ ಮಾತ್ರ ಪ್ರವೇಶ ಎಂದು ಸಂಗ್ರಹಾಲಯ ಮಿತಿ ಹಾಕಿಕೊಂಡಿದೆ, ಒಳ್ಳೆಯ ಪಾಳಿಗಳು ಬೇಗ ತುಂಬುತ್ತವೆ. 2026ರ ಜನವರಿಯಿಂದ ಯುರೋಪಿನ ಆರ್ಥಿಕ ವಲಯದ ಹೊರಗಿನವರಿಗೆ, ಎಂದರೆ ನಮಗೂ, ದರ 22 ಯೂರೊದಿಂದ 32 ಯೂರೊಗೆ ಏರಿದೆ. 18 ವರ್ಷದೊಳಗಿನ ಮಕ್ಕಳಿಗೆ ಉಚಿತ, ಆದರೆ ಅವರಿಗೂ ಅದೇ ಪಾಳಿಯಲ್ಲಿ ಶೂನ್ಯ ದರದ ಟಿಕೆಟ್ ಕಾದಿರಿಸಿ, ವಯಸ್ಸಿನ ದಾಖಲೆಗೆ ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಿ. ಹಲವು ಸಂಗ್ರಹಾಲಯಗಳಿಗೆ ಒಟ್ಟಿಗೆ ನಡೆಯುವ ಮ್ಯೂಸಿಯಂ ಪಾಸ್ ಕೊಂಡವರೂ ಲೂವ್ರ್‌ಗೆ ಪಾಳಿಯನ್ನು ಬೇರೆಯಾಗಿ ಕಾದಿರಿಸಲೇಬೇಕು. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಕಾಣುವುದು ಬಹುಪಾಲು ಮರುಮಾರಾಟದವರ ಜಾಹೀರಾತು. ಸಂಗ್ರಹಾಲಯದ ಸ್ವಂತ ಜಾಲತಾಣವಾದ ಲೂವ್ರ್ ಡಾಟ್ ಎಫ್‌ಆರ್ ಮೂಲಕವೇ ಒಳಹೊಕ್ಕು ಕೊಳ್ಳಿ. ಹಣ ಪಾವತಿ ಮತ್ತೆ ಮತ್ತೆ ವಿಫಲವಾದರೆ ಜಾಲತಾಣವನ್ನು ದೂರುವ ಮುನ್ನ ನಿಮ್ಮ ಕಾರ್ಡ್ ನೋಡಿಕೊಳ್ಳಿ: ನಮ್ಮ ಬ್ಯಾಂಕುಗಳು ಹೊಸ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟನ್ನು ಬಂದ್ ಮಾಡಿಯೇ ಕೊಡುತ್ತವೆ, ಅದನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಚಾಲೂ ಮಾಡಬೇಕು. ಕೊಂಡ ಟಿಕೆಟ್ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ವಾರ, ಗಂಟೆ ಮೊದಲೇ ನಿರ್ಧರಿಸಿಟ್ಟುಕೊಂಡು, ವೀಸಾ ಕೈಗೆ ಬಂದ ದಿನವೇ ಟಿಕೆಟ್ ಕೊಳ್ಳುವುದು ಕ್ಷೇಮ.

ಮೆಟ್ರೊದಲ್ಲಿ ಹೋಗುವವರು ಹೆಸರು ಕೇಳಿ ‘ಲೂವ್ರ್–ರಿವೋಲಿ’ಯಲ್ಲಿ ಇಳಿದುಬಿಡುತ್ತಾರೆ. ಇಳಿಯಬೇಕಾದ್ದು ‘ಪಾಲೆ ರಾಯಾಲ್–ಮ್ಯೂಸೆ ದ್ಯು ಲೂವ್ರ್’ನಲ್ಲಿ, 1 ಮತ್ತು 7ನೇ ಮಾರ್ಗ. ಅಲ್ಲಿಂದ ನೆಲದಡಿಯ ಕಾರೂಸೆಲ್ ಮಳಿಗೆಗಳ ಮೂಲಕವೇ ಸಂಗ್ರಹಾಲಯ ಸೇರಬಹುದು, ಬಿಸಿಲು ಮಳೆಯ ತೊಂದರೆಯಿಲ್ಲ. 55×35×20 ಸೆಂಟಿಮೀಟರ್‌ಗಿಂತ ದೊಡ್ಡ ಚೀಲವನ್ನು ಒಳಗೆ ಬಿಡುವುದಿಲ್ಲ, ಹೋಟೆಲ್ ಖಾಲಿ ಮಾಡಿ ಸೂಟ್‌ಕೇಸ್ ಎಳೆದುಕೊಂಡು ಬರಬೇಡಿ. ಒಮ್ಮೆ ಹೊರಗೆ ಬಂದರೆ ಅದೇ ಟಿಕೆಟ್‌ನಲ್ಲಿ ಮತ್ತೆ ಒಳಗೆ ಹೋಗಲಾಗದು, ಊಟ ಮುಗಿಸಿಕೊಂಡೇ ಹೋಗಿ. ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಸಂಕೋಚಪಡದೆ ಗಾಲಿಕುರ್ಚಿ ಕೇಳಿ. ಗುರುತಿನ ಚೀಟಿ ಇಟ್ಟುಕೊಂಡು ಬಾಡಿಗೆಯಿಲ್ಲದೆ ಕೊಡುತ್ತಾರೆ.

ಒಳಗೆ ಕಾಲಿಟ್ಟವರೆಲ್ಲ ನೇರ ಡೆನೊನ್ ವಿಭಾಗಕ್ಕೆ, ಮೊನಾಲಿಸಾ ಇರುವ 711ನೇ ಕೋಣೆಗೆ ಓಡುತ್ತಾರೆ. 77×53 ಸೆಂಟಿಮೀಟರ್‌ನ ಚಿತ್ರವನ್ನು ನೂರಾರು ಮೊಬೈಲ್‌ಗಳ ಹಿಂದಿನಿಂದ ಇಣುಕಿ ನೋಡುವಷ್ಟರಲ್ಲಿ ಕಾಲು ಸೋತು, ಮಿಕ್ಕದ್ದು ಬೇಡವಾಗುತ್ತದೆ. ಸಂಜೆಯ ಪಾಳಿಯವರು ಇದನ್ನು ತಿರುಗುಮುರುಗು ಮಾಡಲಿ. ಮೊದಲು ರಿಶೆಲ್ಯೂ ವಿಭಾಗ. ಅಲ್ಲಿ ಅಸ್ಸೀರಿಯಾದ ದೊರೆ ಎರಡನೇ ಸಾರ್ಗೊನ್‌ನ ಅರಮನೆಯಿಂದ ತಂದ, ನಾಲ್ಕು ಮೀಟರ್ ಮೀರಿದ ಎತ್ತರದ ರೆಕ್ಕೆಯ ಹೋರಿಗಳಿವೆ. ಮನುಷ್ಯನ ಮುಖ, ಸುರುಳಿ ಸುರುಳಿಯಾದ ಗಡ್ಡ. ಮಕ್ಕಳಿಗೆ ಕಾಲು ಎಣಿಸಲು ಹೇಳಿ. ಎದುರಿನಿಂದ ಎರಡು ಕಾಲು, ಹೋರಿ ನಿಂತಿದೆ. ಪಕ್ಕದಿಂದ ನಾಲ್ಕು, ಹೋರಿ ನಡೆಯುತ್ತಿದೆ. ಮೂಲೆಯಲ್ಲಿ ನಿಂತು ಎಣಿಸಿದರೆ ಒಟ್ಟು ಐದು! ಹಳೇಬೀಡಿನ ಗೋಡೆಯ ಮುಂದೆ ಗಂಟೆಗಟ್ಟಲೆ ನಿಲ್ಲಬಲ್ಲ ನಮ್ಮವರಿಗೆ ಈ ಶಿಲ್ಪಿಯ ಜಾಣ್ಮೆ ಕೂಡಲೇ ಹಿಡಿಸುತ್ತದೆ. ಪಕ್ಕದಲ್ಲೇ ಪ್ರಾಚೀನ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಕಾನೂನುಗಳನ್ನು ಕೆತ್ತಿದ ಕಪ್ಪು ಕಲ್ಲು. ಎರಡನೇ ಮಹಡಿಯಲ್ಲಿ ಡಚ್ ಚಿತ್ರಕಾರ ವರ್ಮೀರ್‌ನ ‘ಲೇಸ್ ಹೆಣೆಯುವವಳು’, ಬರೀ 24×21 ಸೆಂಟಿಮೀಟರ್, ಮುಂದೆ ಸಾಮಾನ್ಯವಾಗಿ ನೂಕುನುಗ್ಗಲಿರುವುದಿಲ್ಲ. ಏಳೂವರೆಯ ನಂತರ ಡೆನೊನ್‌ಗೆ ಬನ್ನಿ. ಮೊನಾಲಿಸಾ ನೋಡಿದ ಮೇಲೆ ಹಾಗೇ ಹಿಂದಕ್ಕೆ ತಿರುಗಿ. ಎದುರು ಗೋಡೆಯ ತುಂಬ ಇಟಲಿಯ ಚಿತ್ರಕಾರ ವೆರೊನೀಸ್ 1563ರಲ್ಲಿ ಮುಗಿಸಿದ, ಬೈಬಲಿನ ಕಾನಾ ಊರಿನ ಮದುವೆಯೂಟದ ಚಿತ್ರ, ಸುಮಾರು ಹತ್ತು ಮೀಟರ್ ಅಗಲ. ಅದಕ್ಕೆ ಬೆನ್ನು ಹಾಕಿ ನಿಂತವರೇ ಎಲ್ಲರೂ.

ಕೆಲವು ಕೋಣೆಗಳನ್ನು ವಾರದ ಕೆಲವು ದಿನ ಮುಚ್ಚಿರುತ್ತಾರೆ, ಆ ಪಟ್ಟಿ ಜಾಲತಾಣದಲ್ಲೇ ಇರುತ್ತದೆ. ಇಡೀ ಸಂಗ್ರಹಾಲಯವೇ ಮುಚ್ಚುವುದೂ ಉಂಟು. 2025ರ ಜೂನ್ 16ರಂದು ಸಿಬ್ಬಂದಿ ಕೆಲಸ ನಿಲ್ಲಿಸಿ ಜನ ಗಂಟೆಗಟ್ಟಲೆ ಹೊರಗೆ ಕಾದರು. ಅಕ್ಟೋಬರ್ 19ರಂದು ಆಭರಣ ಕಳವಾಗಿ ಬಾಗಿಲು ಹಾಕಿದರು. ಹಾಗಾಗಿ ಲೂವ್ರ್ ಭೇಟಿಯನ್ನು ಪ್ಯಾರಿಸ್‌ನ ಕೊನೆಯ ದಿನಕ್ಕೆ ಇಟ್ಟುಕೊಳ್ಳಬಾರದು.

ಪ್ರವಾಸ ಸಂಸ್ಥೆಗಳು ದಿನಚರಿಯಲ್ಲಿ ‘ಲೂವ್ರ್’ ಎಂದು ಬರೆದಲ್ಲಿ ವಾರ, ಒಳಹೋಗುವ ಗಂಟೆ, ಟಿಕೆಟ್ ಹಣ ಸೇರಿದೆಯೇ ಇಲ್ಲವೇ ಎಂಬುದನ್ನು ನಮೂದಿಸಲಿ. ಮುಂಗಡ ಕಟ್ಟುವ ಮೊದಲೇ ಪ್ರವಾಸಿಗರು ಇದನ್ನು ಬರಹದಲ್ಲಿ ಪಡೆಯಲಿ. ಪ್ಯಾರಿಸ್‌ಗೆ ಸಿಕ್ಕಿರುವುದು ಮಂಗಳವಾರ ಒಂದೇ ಆದರೆ ಸೇನ್ ನದಿಯಾಚೆಯ ಆರ್ಸೆ ಸಂಗ್ರಹಾಲಯಕ್ಕೆ ಟಿಕೆಟ್ ಕಾದಿರಿಸಿ. ಅದಕ್ಕೆ ರಜೆ ಸೋಮವಾರ.

– ಕಲಾ ಇತಿಹಾಸದ ನಿವೃತ್ತ ಅಧ್ಯಾಪಕಿ, ಮೈಸೂರು