ರಾಕ್ ಸಂಗೀತಕ್ಕೆ ಒಂದೇ ಜನ್ಮದಿನ ಸಾಲದು

ಮಾನ್ಯರೆ,

ಕಳೆದ ಭಾನುವಾರದ ಪುರವಣಿ ಲೇಖನವು, ರಾಕ್ ಅಂಡ್ ರೋಲ್ 1954ರ ಜುಲೈ 5ರಂದು ಮೆಂಫಿಸ್‌ನ ಸನ್ ಸ್ಟುಡಿಯೊದಲ್ಲಿ ಎಲ್ವಿಸ್ ಪ್ರೀಸ್ಲಿ ಕಂಠದಿಂದ ಹುಟ್ಟಿತು ಎಂದು ಷರಾ ಬರೆದುಬಿಟ್ಟಿದೆ. ಅಂದು 'ದಟ್ಸ್ ಆಲ್ ರೈಟ್' ಧ್ವನಿಮುದ್ರಣವಾದದ್ದು ನಿಜ. ಆದರೆ ಆ ಹಾಡನ್ನು ಗಮನವಿಟ್ಟು ಕೇಳಿ: ಅದರಲ್ಲಿ ಡ್ರಮ್ ಇಲ್ಲವೇ ಇಲ್ಲ. ಎಲ್ವಿಸ್ ಅವರ ಗಿಟಾರ್, ಸ್ಕಾಟಿ ಮೂರ್ ಅವರ ಎಲೆಕ್ಟ್ರಿಕ್ ಗಿಟಾರ್, ಬಿಲ್ ಬ್ಲ್ಯಾಕ್ ನಿಂತು ನುಡಿಸಿದ ದೊಡ್ಡ ಬಾಸ್, ಇಷ್ಟೇ ವಾದ್ಯಗಳು. ಬಾಸ್‌ನ ತಂತಿಯನ್ನು ಎಳೆದು ಬಿಟ್ಟಾಗ ಅದು ಮರಕ್ಕೆ ಬಡಿದು ಬರುವ ಚಟಚಟ ಸದ್ದೇ ಅಲ್ಲಿ ತಾಳ. ಹಾಡು ಆರ್ಥರ್ ಕ್ರೂಡಪ್ 1946ರಲ್ಲೇ ಹಾಡಿ ಮುದ್ರಿಸಿದ್ದ ಬ್ಲೂಸ್. ರೆಕಾರ್ಡಿನ ಇನ್ನೊಂದು ಮಗ್ಗುಲಲ್ಲಿ ಇದ್ದದ್ದು ಬಿಲ್ ಮನ್ರೊ ಅವರ ಬ್ಲೂಗ್ರಾಸ್ ಹಾಡು. ಕಪ್ಪು ಜನರ ಬ್ಲೂಸ್ ಒಂದು ಕಡೆ, ಬಿಳಿಯರ ಹಳ್ಳಿ ಹಾಡು ಇನ್ನೊಂದು ಕಡೆ. ಹಿರಿಯರು ಯಾರೆಂದು ಆ ರೆಕಾರ್ಡೇ ಹೇಳುತ್ತಿರುವಾಗ ಅದನ್ನು ಮೂಲಪುರುಷನ ಪಟ್ಟಕ್ಕೆ ಏರಿಸುವುದು ವಿಚಿತ್ರ.

ಹತ್ತು ವರ್ಷ ಹಿಂದಕ್ಕೆ ಹೋದರೆ ಗಾಯಕಿ, ಗಿಟಾರ್ ವಾದಕಿ ಸಿಸ್ಟರ್ ರೊಸೆಟಾ ಥಾರ್ಪ್ ಸಿಗುತ್ತಾರೆ. 1915ರಲ್ಲಿ ಅರ್ಕಾನ್ಸಾಸ್‌ನ ಕಾಟನ್ ಪ್ಲಾಂಟ್‌ನಲ್ಲಿ ಹುಟ್ಟಿ, ಪೆಂಟೆಕೋಸ್ಟಲ್ ಚರ್ಚಿನಲ್ಲಿ ಬೆಳೆದವರು. ಎಷ್ಟೋ ಚರ್ಚುಗಳು ಹೊಸಿಲಾಚೆಗೇ ನಿಲ್ಲಿಸಿದ್ದ ಡ್ರಮ್, ಗಿಟಾರ್, ಟ್ಯಾಂಬೊರಿನ್‌ಗಳಿಗೆ ಅಲ್ಲಿ ಪ್ರವೇಶವಿತ್ತು. ಚಪ್ಪಾಳೆ ಬೀಳುತ್ತಿದ್ದದ್ದು ಎರಡನೇ ಮತ್ತು ನಾಲ್ಕನೇ ಎಣಿಕೆಗೆ. ಗುಲಾಮಗಿರಿಯ ಕಾಲದಲ್ಲಿ ವೃತ್ತಾಕಾರವಾಗಿ ಸುತ್ತುತ್ತ, ಕಾಲು ತಟ್ಟುತ್ತ ಹಾಡುತ್ತಿದ್ದ ಪ್ರಾರ್ಥನೆಗಳ ಲಯ ಅದರ ಹಿಂದಿದೆ. ಥಾರ್ಪ್ 1944ರಲ್ಲಿ ಮುದ್ರಿಸಿದ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವೆರಿ ಡೇ' ಭಕ್ತಿಗೀತೆಯೇ. ಜೊತೆಗೆ ಕೇಳುವ ಪಿಯಾನೊ ಮಾತ್ರ ಹೆಂಡದಂಗಡಿಗಳ ಕುಣಿತದ ಲಯವಾದ ಬೂಗಿ-ವೂಗಿ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 2018ರಲ್ಲಿ, ಅವರು ತೀರಿಹೋಗಿ 45 ವರ್ಷವಾದ ಮೇಲೆ. ನಿಮ್ಮ ಲೇಖನದಲ್ಲಿ ಆ ಹೆಸರು ಇನ್ನೂ ಸೇರಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು, ಟೈರುಗಳಿಗೆ ರೇಷನ್ ಬಂದು ದೊಡ್ಡ ಬ್ಯಾಂಡುಗಳನ್ನು ಊರೂರಿಗೆ ಸಾಗಿಸುವುದು ದುಬಾರಿಯಾಯಿತು. ಐದಾರು ಮಂದಿಯ ಪುಟ್ಟ ತಂಡಗಳು ಅದೇ ಅಬ್ಬರವನ್ನು ಕಡಿಮೆ ಕೈಗಳಿಂದ ಹೊರಡಿಸಬೇಕಾಯಿತು. ಲೂಯಿ ಜೋರ್ಡನ್ ಅವರ ಜಂಪ್ ಬ್ಲೂಸ್ ಈ ಬಗೆಯದು.

ಮೊದಲ ರಾಕ್ ರೆಕಾರ್ಡ್ ಎಂದು ಹಲವರು ಎಣಿಸುವ 'ರಾಕೆಟ್ 88' ಹಾಡಿನ ಬಗ್ಗೆ ಮಾತ್ರ ತುಸು ನಿಧಾನವಾಗಿ ಹೇಳಬೇಕು. 1951ರ ಮಾರ್ಚ್‌ನಲ್ಲಿ, ಎಲ್ವಿಸ್ ಮುಂದೆ ಹಾಡಲಿದ್ದ ಅದೇ ಕೋಣೆಯಲ್ಲಿ, ಎಲ್ವಿಸ್ ಹಾಡನ್ನೂ ಮುಂದೆ ಮುದ್ರಿಸಿದ ಸ್ಟುಡಿಯೊ ಮಾಲೀಕ ಸ್ಯಾಮ್ ಫಿಲಿಪ್ಸ್ ಇದನ್ನು ಮುದ್ರಿಸಿಕೊಂಡರು. ಲೇಬಲ್ ಮೇಲಿದ್ದದ್ದು ಹಾಡಿದ ಜಾಕಿ ಬ್ರೆನ್‌ಸ್ಟನ್ ಹೆಸರು. ತಂಡ ಐಕ್ ಟರ್ನರ್ ಅವರದ್ದು. ಗಿಟಾರ್ ವಾದಕ ವಿಲ್ಲಿ ಕಿಜಾರ್ಟ್ ಅವರ ಆಂಪ್ಲಿಫೈಯರ್ ಮೆಂಫಿಸ್ ತಲುಪುವ ಹೊತ್ತಿಗೆ ಕೆಟ್ಟಿತ್ತು. ಕಾರಿನಿಂದ ಬಿದ್ದಿತೋ ಮಳೆಗೆ ನೆನೆಯಿತೋ, ಅಲ್ಲಿದ್ದವರ ಹೇಳಿಕೆಗಳೇ ಒಂದಕ್ಕೊಂದು ಹೊಂದುವುದಿಲ್ಲ. ಸ್ಪೀಕರಿನಲ್ಲಿ ಕಂಪಿಸಿ ಸದ್ದು ಹೊರಡಿಸುವ ಕೋನು ಹಾಳಾಗಿತ್ತು, ಅದಕ್ಕೆ ಫಿಲಿಪ್ಸ್ ಕಾಗದ ತುರುಕಿ ಧ್ವನಿಮುದ್ರಣ ಮುಂದುವರಿಸಿದರು. ಕೋನು ಸರಾಗವಾಗಿ ಹಿಂದೆಮುಂದೆ ಆಡದೆ ಕಾಗದಕ್ಕೆ ತಗುಲಿ ಗರಗರ ಎನ್ನುವಾಗ ಮೂಲ ಸ್ವರದಲ್ಲಿ ಇಲ್ಲದ ಉಪಸ್ವರಗಳು ಹುಟ್ಟುತ್ತವೆ. ಗಿಟಾರ್ ಸ್ಯಾಕ್ಸೊಫೋನಿನಂತೆ ದಪ್ಪವಾಗಿ ಕೇಳುತ್ತದೆ. ಬೇರೆ ಯಾರಾದರೂ ಆಂಪ್ಲಿಫೈಯರನ್ನು ರಿಪೇರಿಗೆ ಕಳಿಸುತ್ತಿದ್ದರು, ಫಿಲಿಪ್ಸ್ ಆ ಸದ್ದನ್ನೇ ಮುಂದಕ್ಕೆ ತಂದರು. ಇಂದು ಗಿಟಾರ್ ವಾದಕರು ಕಾಲಲ್ಲಿ ಪೆಡಲ್ ಒತ್ತಿ ತರಿಸಿಕೊಳ್ಳುವ ಡಿಸ್ಟಾರ್ಷನ್ ಇದೇ.

ಬೇರು ಹುಡುಕುವವರು ಹಾಡುಗಾರರ ಹೆಸರಿಗಿಂತ ಮೊದಲು ತಾಳ ಎಣಿಸಬೇಕು. ನಾಲ್ಕು ಎಣಿಕೆಯ ಹನ್ನೆರಡು ಬಾರ್‌ಗಳು (ಆವರ್ತಗಳು) ಬ್ಲೂಸ್‌ನ ಅಚ್ಚು: ಸಿ ಶ್ರುತಿಯಲ್ಲಾದರೆ ಸಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ನಾಲ್ಕು ಬಾರ್, ಎಫ್ ಎರಡು, ಮತ್ತೆ ಸಿ ಎರಡು, ಜಿ ಒಂದು, ಎಫ್ ಒಂದು, ಕೊನೆಗೆ ಸಿ ಎರಡು. ಆರಂಭದ ರಾಕ್ ಹಾಡುಗಳಲ್ಲಿ ಎಷ್ಟೋ ಇದರಾಚೆ ಹೋಗುವುದೇ ಇಲ್ಲ. ಬದಲಾದದ್ದು ಎಣಿಕೆಯ ಒಳಗಿನ ವಿಭಜನೆ. ಶಫಲ್ ಎಂಬ ಹಳೆಯ ಲಯದಲ್ಲಿ ಒಂದೊಂದು ಎಣಿಕೆಯನ್ನು ಮೂರಾಗಿ ಒಡೆದು ನಡುವಿನದನ್ನು ಬಿಡುತ್ತಾರೆ, ಹಾಗಾಗಿ ಲಯ ಕುಂಟುತ್ತ ತೂಗುತ್ತದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಗಾಯಕ ಲಿಟಲ್ ರಿಚರ್ಡ್ ಪಿಯಾನೊದ ಮೇಲೆ ಬಲಗೈಯಿಂದ ಎಣಿಕೆಗೆರಡು ಸಮನಾದ ಪೆಟ್ಟು ಬಾರಿಸುತ್ತಿದ್ದರು. ಡ್ರಮ್ಮರ್ ಅರ್ಲ್ ಪಾಮರ್ ಅದಕ್ಕೆ ಹೊಂದಿಕೊಳ್ಳಲು ಶಫಲ್ ಬಿಟ್ಟು ನೇರ ಎಂಟಕ್ಕೆ, ಅಂದರೆ ನಾಲ್ಕು ಎಣಿಕೆಗೆ ಎಂಟು ಸಮ ಪೆಟ್ಟುಗಳಿಗೆ, ಬಂದರು. ಕಪ್ಪು ಗಾಯಕ, ಗಿಟಾರ್ ವಾದಕ ಚಕ್ ಬೆರ್ರಿ ಅವರ ಕೆಲವು ರೆಕಾರ್ಡುಗಳಲ್ಲಿ ಈ ಬದಲಾವಣೆ ಅರ್ಧದಾರಿಯಲ್ಲಿರುವುದು ಕೇಳಿಸುತ್ತದೆ: ಗಿಟಾರ್ ನೇರ, ಹಿಂದಿನ ಬಾಸ್ ಮತ್ತು ಡ್ರಮ್ ಇನ್ನೂ ಶಫಲ್. ಇವತ್ತಿನ ತಂಡಗಳು ಆ ಹಾಡುಗಳನ್ನು ನುಡಿಸುವಾಗ ಎಲ್ಲರೂ ನೇರಕ್ಕೆ ಇಳಿಯುತ್ತಾರೆ, ಹಾಡು ಸಪ್ಪೆಯಾಗುತ್ತದೆ.

ಕಪ್ಪು ಜನರ ಹಾಡುಗಳನ್ನು 'ಬಿಳಿಯರು ಕದ್ದರು' ಎಂಬ ಲೇಖಕರ ಒಂದು ಸಾಲಿನ ತೀರ್ಪಿಗೂ ತಿದ್ದುಪಡಿ ಬೇಕು. ಅಮೆರಿಕದ 1909ರ ಹಕ್ಕುಸ್ವಾಮ್ಯ ಕಾಯ್ದೆ ರಕ್ಷಿಸುತ್ತಿದ್ದದ್ದು ಹಾಡಿನ ರಚನೆಯನ್ನು. ಒಮ್ಮೆ ಧ್ವನಿಮುದ್ರಣವಾದ ಹಾಡನ್ನು ರೆಕಾರ್ಡೊಂದಕ್ಕೆ ಎರಡು ಸೆಂಟ್ ಕಟ್ಟಿ ಯಾರು ಬೇಕಾದರೂ ಮತ್ತೆ ಹಾಡಬಹುದಿತ್ತು. ಆ ಹಣ ರಚನೆಯ ಹಕ್ಕು ಇದ್ದವರಿಗೆ. ಮೊದಲು ಹಾಡಿದವರ ಶೈಲಿ, ವಾದ್ಯಸಂಯೋಜನೆಗಳಿಗೆ ಚಿಕ್ಕಾಸೂ ಇಲ್ಲ. ಕಪ್ಪು ಗಾಯಕಿ ಲವರ್ನ್ ಬೇಕರ್ ಹಾಡಿದ್ದ 'ಟ್ವೀಡಲ್ ಡೀ'ಯನ್ನು ಬಿಳಿಯ ಗಾಯಕಿ ಜಾರ್ಜಿಯಾ ಗಿಬ್ಸ್ ಯಥಾವತ್ತಾಗಿ ನಕಲು ಮಾಡಿದ್ದಕ್ಕೆ ಬೇಕರ್ 1955ರಲ್ಲಿ ಅಮೆರಿಕದ ಸಂಸತ್ತಿನ ಮೊರೆಹೋದದ್ದು ಇದೇ ಕಾರಣಕ್ಕೆ, ಕಾನೂನೇನೂ ಬದಲಾಗಲಿಲ್ಲ. ರಚನಕಾರರ ಸಾಲಿನಲ್ಲೂ ಕೈಚಳಕ ನಡೆಯುತ್ತಿತ್ತು. ಚಕ್ ಬೆರ್ರಿ ಅವರ 'ಮೇಬಲೀನ್' ಬರೆದವರ ಪಟ್ಟಿಯಲ್ಲಿ ರೇಡಿಯೊ ನಿರೂಪಕ ಅಲನ್ ಫ್ರೀಡ್ ಹೆಸರು ಕಾಣಿಸಿಕೊಂಡಿತು. ಆ ಹಾಡಿನ ಮೂಲವಾದರೋ 'ಐಡಾ ರೆಡ್' ಎಂಬ ಹಳೆಯ ಹಳ್ಳಿ ಹಾಡು, ಬಿಳಿಯರ ಪಿಟೀಲು ಮೇಳಗಳಲ್ಲಿ ಓಡಾಡಿದ್ದು. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ಇತ್ತು, ಲೆಕ್ಕ ಮಾತ್ರ ಸದಾ ಒಂದೇ ಕಡೆಗೆ ವಾಲುತ್ತಿತ್ತು.

ಸರಣಿ ಮುಂದುವರಿಯುವುದಾದರೆ ಪ್ರತಿ ಹಾಡಿನ ಜೊತೆ ಹಾಡಿದವರು, ಬರೆದವರು, ನುಡಿಸಿದವರು, ಮುದ್ರಣವಾದ ಊರು ಮತ್ತು ವರ್ಷವನ್ನು ದಯವಿಟ್ಟು ಪ್ರಕಟಿಸಿ. ಇನ್ನೊಂದು ಮಾತು: ನಿಮ್ಮ ಲೇಖನದ '1951ರ ತಂಡ' ಎಂಬ ಅಡಿಬರಹದ ಚಿತ್ರದಲ್ಲಿರುವುದು ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಗಿಟಾರ್. ಅದು ಮಾರುಕಟ್ಟೆಗೆ ಬಂದದ್ದೇ 1954ರಲ್ಲಿ.

ಇಂತಿ,
ಒಬ್ಬ ಓದುಗ