ರೊಟ್ಟಿ ಯಾರಿಗೆ ಎಂದು ಮೊದಲು ಕೇಳಲಿ

ಮಾನ್ಯರೇ,

ಮಹಿಳಾ ಸ್ವಸಹಾಯ ಸಂಘಗಳು ತಯಾರಿಸುವ ತಿನಿಸುಗಳಿಗೆ ಮಾರುಕಟ್ಟೆಯೇ ಇಲ್ಲ ಎಂಬ ಮಾತು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಧಾರವಾಡದಲ್ಲಿ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಮಾಡಿ ಮಾರುವ ನಾನು ಇದನ್ನು ಒಪ್ಪಲಾರೆ. ಮಾರುಕಟ್ಟೆ ಇದೆ. ಕೊಳ್ಳುವವರು ಯಾರೆಂದು ಯೋಚಿಸದೆ ಒಲೆ ಹಚ್ಚುತ್ತಿದ್ದೇವೆ, ಅಷ್ಟೆ.

ನಾನು ಹೋದ ತರಬೇತಿಗಳಲ್ಲಿ ಪೊಟ್ಟಣ, ಲೇಬಲ್, ಫೇಸ್‌ಬುಕ್ ಪುಟ ಎಲ್ಲವನ್ನೂ ಹೇಳಿಕೊಟ್ಟರು. ಗಿರಾಕಿ ಯಾರು ಎಂಬ ಪ್ರಶ್ನೆ ಬಂದಾಗ ಮಾತ್ರ ‘ಎಲ್ಲರೂ’ ಎಂಬ ಉತ್ತರಕ್ಕೆ ತಲೆಯಾಡಿಸಿ ಮುಂದೆ ಹೋದರು. ನಮ್ಮ ಕಡೆ ರೊಟ್ಟಿ ಎಲ್ಲರೂ ತಿನ್ನುತ್ತಾರೆ, ಆದರೆ ಎಲ್ಲರೂ ಕೊಳ್ಳುವುದಿಲ್ಲ. ಮನೆಯಲ್ಲಿಯೇ ರೊಟ್ಟಿ ಬಡಿಯುವವರು ಇರುವಾಗ ಅಂಗಡಿಯ ರೊಟ್ಟಿ ಯಾರಿಗೆ ಬೇಕು? ಬಡಿಯಲು ಬಾರದವರು, ಸಮಯವಿಲ್ಲದವರು, ಒಲೆಯಿಲ್ಲದ ಕೋಣೆಯಲ್ಲಿ ಇರುವವರು, ಇವರೇ ನಮ್ಮ ಗಿರಾಕಿಗಳು.

ನಮ್ಮ ಧಾರವಾಡದ ಸಪ್ತಾಪುರ ಬಡಾವಣೆಯನ್ನೇ ನೋಡಿ. ಕೆಎಎಸ್, ಪಿಎಸ್‌ಐ, ಎಫ್‌ಡಿಎಯಂಥ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದಲು ನಾನಾ ಜಿಲ್ಲೆಗಳ ಹುಡುಗ ಹುಡುಗಿಯರು ಅಲ್ಲಿ ಬಾಡಿಗೆ ಕೋಣೆಗಳಲ್ಲಿದ್ದಾರೆ. ಇವರಿಗೆ ಬೇಕಾದದ್ದು ಕೆಡದೆ ಇರುವ ಕಡಕ್ ರೊಟ್ಟಿ, ಜೊತೆಗೆ ಪಲ್ಯ ಇಲ್ಲದಿದ್ದರೂ ನಡೆಯುವಂತೆ ಶೇಂಗಾ ಚಟ್ನಿ ಅಥವಾ ಕೆಂಪು ಖಾರ. ದೊಡ್ಡ ಪೊಟ್ಟಣ ಬೇಡ. ಊರಿನಿಂದ ಹಣ ಬರುವ ತಿಂಗಳ ಮೊದಲ ವಾರದಲ್ಲಿ ಹೆಚ್ಚು ಕೊಳ್ಳುತ್ತಾರೆ, ಕೊನೆಯ ವಾರದಲ್ಲಿ ಬಿಡಿ ರೊಟ್ಟಿ ಕೇಳುತ್ತಾರೆ. ಬಿಡಿಯಾಗಿ ಕೊಡಲು ಒಪ್ಪದ ಅಂಗಡಿಗೆ ಮತ್ತೆ ಬರುವುದಿಲ್ಲ. ಇವರನ್ನು ಮುಟ್ಟಲು ಪತ್ರಿಕೆಯೊಳಗೆ ಕರಪತ್ರ ಇಡಿಸಬೇಕಿಲ್ಲ. ಓದುವ ಕೊಠಡಿಯ ಬಾಗಿಲಿಗೆ, ಚಹಾದಂಗಡಿಯ ಗೋಡೆಗೆ ದರ ಬರೆದ ಒಂದು ಚೀಟಿ ಅಂಟಿಸಿದರೆ ಸಾಕು. ಇದೆಲ್ಲ ನನಗೆ ತಿಳಿದದ್ದು ಅವರನ್ನೇ ನಿಲ್ಲಿಸಿ ಮಾತನಾಡಿಸಿದ್ದರಿಂದ.

ಬೆಂಗಳೂರಿನಲ್ಲಿ ನೆಲೆಸಿದ ನಮ್ಮ ಕಡೆಯವರ ಲೆಕ್ಕವೇ ಬೇರೆ. ದರಕ್ಕಿಂತ ಮೊದಲು ಅವರು ಕೇಳುವುದು ಯಾವ ಜೋಳ ಎಂದು. ಹಿಂಗಾರಿನ ಮಾಲದಂಡಿ ಎಂದು ಪೊಟ್ಟಣದ ಮೇಲೆ ಬರೆದರೆ ಅವರಿಗೆ ಅದೇ ಭರವಸೆ. ಸಪ್ತಾಪುರದ ಹುಡುಗ ಆ ಸಾಲನ್ನು ಓದುವುದೂ ಇಲ್ಲ. ರಾತ್ರಿ ಬಸ್ಸಿನಲ್ಲಿ ಹೋಗುವ ರೊಟ್ಟಿ ಮುರಿಯಬಾರದು, ಆದ್ದರಿಂದ ಗಟ್ಟಿ ಡಬ್ಬಿಯ ಖರ್ಚನ್ನು ದರದಲ್ಲಿ ಸೇರಿಸಲೇಬೇಕು. ಎಳ್ಳಮಾವಾಸ್ಯೆ ಹತ್ತಿರ ಬಂದಾಗ, ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಕಾದಾಗ ಅವರ ಕರೆಗಳು ತಾವಾಗಿಯೇ ಬರುತ್ತವೆ. ಮದುವೆಯ ಅಡುಗೆ ಗುತ್ತಿಗೆದಾರರಿಗೆ ಕಡಕ್ ರೊಟ್ಟಿಯ ಜೊತೆ ಮೆತ್ತನೆಯದೂ ಬೇಕು, ಅದೂ ಪಂಕ್ತಿ ಕೂಡುವ ಹೊತ್ತಿಗೆ ಸರಿಯಾಗಿ. ಒಂದು ಸಣ್ಣ ಗುಂಪು ಈ ಮೂವರನ್ನೂ ಒಂದೇ ದಿನ ಸಂಭಾಳಿಸಲಾಗದು. ಮೊದಲು ಒಬ್ಬರನ್ನು ಆರಿಸಿಕೊಳ್ಳಬೇಕು.

2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದಲ್ಲಿ ಜೋಳಕ್ಕೆ ಒಳ್ಳೆಯ ಹೆಸರು ಬಂತು. ‘ಆರೋಗ್ಯಕ್ಕೆ ಉತ್ತಮ’ ಎಂಬ ಒಂದೇ ಸಾಲು ಎಲ್ಲರ ಪೊಟ್ಟಣಗಳ ಮೇಲೂ ಬಂದು, ಒಬ್ಬರ ರೊಟ್ಟಿಗೂ ಇನ್ನೊಬ್ಬರ ರೊಟ್ಟಿಗೂ ಗುರುತೇ ಉಳಿಯಲಿಲ್ಲ. ಸಕ್ಕರೆ ಕಾಯಿಲೆ ಇರುವ ಹಿರಿಯರು ಆ ಸಾಲನ್ನು ನಂಬಿ ಬರುವುದಿಲ್ಲ. ಹಿಟ್ಟಿಗೆ ಅಕ್ಕಿ ಬೆರೆಸಿದ್ದೀರಾ ಎಂದು ನೇರವಾಗಿ ಕೇಳುತ್ತಾರೆ. ಅವರಿಗೆ ಕೊಡಬೇಕಾದದ್ದು ಆ ಪ್ರಶ್ನೆಗೆ ಉತ್ತರ.

2020ರಲ್ಲಿ ಆರಂಭವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಡಿ ಕಿರು ಆಹಾರ ಘಟಕಗಳಿಗೆ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಬ್ಯಾಂಕ್ ಸಾಲದ ಜೊತೆ ಸಿಗುವ ಸಹಾಯಧನ ಘೋಷಿಸಲಾಯಿತು. ಈ ನೆರವು ನಮ್ಮಂಥವರಿಗೆ ದೊಡ್ಡದು. ಆದರೆ ಸಾಲ ಮಾಡಿ ರೊಟ್ಟಿ ಯಂತ್ರ ತಂದವರು, ದಿನಕ್ಕೆ ಅಷ್ಟೊಂದು ರೊಟ್ಟಿ ಯಾರಿಗೆ ಕೊಡುವುದು ಎಂದು ಆಮೇಲೆ ಹುಡುಕಲು ಹೊರಟರೆ ಕಂತು ಕಾಯುವುದಿಲ್ಲ. ಯೋಜನಾ ವರದಿಯಲ್ಲಿ ಗ್ರಾಹಕರ ಬಗ್ಗೆ ‘ಸಾರ್ವಜನಿಕರು’ ಎಂದು ಬರೆದು ಮುಗಿಸಲು ಬಿಡಬಾರದು.

ತರಬೇತಿ ಏರ್ಪಡಿಸುವ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು: ಒಂದು ದಿನವಾದರೂ ಸಭಾಂಗಣ ಬಿಟ್ಟು ಹೆಣ್ಣುಮಕ್ಕಳನ್ನು ಹಾಸ್ಟೆಲ್, ಖಾನಾವಳಿ, ಬಸ್ ನಿಲ್ದಾಣಗಳಿಗೆ ಕರೆದೊಯ್ಯಿರಿ. ಯಾರು ಕೊಳ್ಳುತ್ತಾರೆ, ಎಷ್ಟು ಕೊಳ್ಳುತ್ತಾರೆ, ಈಗ ಎಲ್ಲಿಂದ ತರುತ್ತಾರೆ ಎಂದು ಅವರೇ ಕೇಳಿ ಬರೆದುಕೊಳ್ಳಲಿ. ಯಂತ್ರದ ದರಪಟ್ಟಿಯ ಜೊತೆ ಆ ಬರಹವನ್ನೂ ಅರ್ಜಿಗೆ ಲಗತ್ತಿಸುವ ನಿಯಮ ಮಾಡಿರಿ.

– ರೊಟ್ಟಿ ಕೇಂದ್ರ ನಡೆಸುವ ಗೃಹಿಣಿ, ಧಾರವಾಡ